ಔರಾದಿನ ಬಿಸಿಲನ್ನು ಅಳೆದವರು ಯಾರು?



ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆ. ಬೀದರ್ ಜಿಲ್ಲೆಯ ಔರಾದಿನ ಒಂದು ಮನೆಯ ಪಡಸಾಲೆಯಲ್ಲಿ ನಾಲ್ಕು ಜನ, ನಾಲ್ಕು ಫೋನು ಇವೆ ಎಂದಿಟ್ಟುಕೊಳ್ಳಿ. ಒಂದು ಫೋನಿನ ಹವಾಮಾನ ಆಪ್ 38 ಡಿಗ್ರಿ ಎನ್ನುತ್ತದೆ, ಇನ್ನೊಂದು 41. ಮೂರನೆಯದರಲ್ಲಿ 39 ಇದೆ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮೈಗೆ ತಾಗುವ ಬಿಸಿ 37 ಎಂದಿದೆ. ನಾಲ್ಕನೆಯದು ಔರಾದಿನ ಹೆಸರನ್ನೇ ಹೇಳದೆ ಬೀದರಿನ ಲೆಕ್ಕ ಕೊಟ್ಟು ಸುಮ್ಮನಾಗಿದೆ.

“ಕಾಕಾ, ನಿಮ್ಮ ಫೋನಿನ್ಯಾಗ ಎಷ್ಟದ?”

“ನಲವತ್ತೊಂದು ತೋರ್ಸ್ಲಿಕತ್ತದ ನೋಡವ್ವ. ನಿಂದ್ರಾಗ?”

“ಮೂವತ್ತೆಂಟು.”

“ಹಂಗಾದ್ರ ಖರೇ ಯಾವ್ದು?”

ಕಾಕಾ ಕೇಳಿದ ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯಲ್ಲಿ ಪ್ರತಿ ಬೇಸಿಗೆ ಬಹಳ ಜನ ಕೇಳುತ್ತಾರೆ. ಚಳಿಗಾಲದಲ್ಲಿ ಬೀದರ್ ರಾಜ್ಯದಲ್ಲೇ ಹೆಚ್ಚು ನಡುಗಿದ ಊರು ಎಂದು ಪತ್ರಿಕೆ ಬರೆದ ದಿನವೂ ಕೇಳುತ್ತಾರೆ. ಉತ್ತರದ ಮೊದಲ ಭಾಗವನ್ನು ಈಗಲೇ ಹೇಳಿಬಿಡುತ್ತೇನೆ. ಆ ನಾಲ್ಕು ಫೋನುಗಳಲ್ಲಿ ಯಾವುದೂ ಔರಾದಿನಲ್ಲಿರುವ ಥರ್ಮಾಮೀಟರನ್ನು ನೋಡಿ ಮಾತಾಡುತ್ತಿಲ್ಲದಿರುವ ಸಾಧ್ಯತೆಯೇ ಹೆಚ್ಚು. ನಾಲ್ಕೂ ಲೆಕ್ಕ ಹಾಕಿವೆ, ಒಂದೊಂದರ ಲೆಕ್ಕದ ದಾರಿ ಒಂದೊಂದು. ಆ ದಾರಿಗಳು ಎಲ್ಲೆಲ್ಲಿ ಕವಲೊಡೆಯುತ್ತವೆ ಎಂದು ನಮ್ಮ ನೆಲದ ಮೇಲೆಯೇ ನಡೆದು ನೋಡೋಣ.

ಮೊದಲಿಗೆ, ಒಂದು ಊರಿನ ಉಷ್ಣಾಂಶ ಅಂದರೆ ಏನು? ಬಿಸಿಲಿನಲ್ಲಿ ಇಟ್ಟ ಥರ್ಮಾಮೀಟರ್ ಗಾಳಿಯ ಬಿಸಿಯನ್ನು ಹೇಳುವುದಿಲ್ಲ, ತನ್ನ ಗಾಜು ಎಷ್ಟು ಕಾಯಿತು ಎಂಬುದನ್ನು ಹೇಳುತ್ತದೆ. ಗೋಡೆಗೆ ತೂಗುಹಾಕಿದರೆ ಗೋಡೆಯ ಬಿಸಿ ಸೇರುತ್ತದೆ. ನೆಲಕ್ಕೆ ಹತ್ತಿರವಿದ್ದರೆ ನೆಲದ ಕಾವು ಸೇರುತ್ತದೆ. ಹಾಗಾಗಿ ಜಗತ್ತಿನ ಹವಾಮಾನ ಇಲಾಖೆಗಳೆಲ್ಲ ಒಂದು ಒಪ್ಪಂದಕ್ಕೆ ಬಂದಿವೆ. ನೆರಳಿನಲ್ಲಿ, ಗಾಳಿಯಾಡುವ ಕಡೆ, ನೆಲದಿಂದ ಸುಮಾರು ನಾಲ್ಕರಿಂದ ಆರು ಅಡಿ ಎತ್ತರದಲ್ಲಿ, ಕಟ್ಟಡ ಮರಗಳಿಂದ ದೂರದ ಬಯಲಿನಲ್ಲಿ ಅಳೆದ ಗಾಳಿಯ ಬಿಸಿಯೇ ಉಷ್ಣಾಂಶ. ಇದಕ್ಕಾಗಿ ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆಯೊಂದನ್ನು ಕಾಲುಗಳ ಮೇಲೆ ನಿಲ್ಲಿಸುತ್ತಾರೆ. ಅದರ ನಾಲ್ಕೂ ಬದಿಗೆ ಓರೆ ಪಟ್ಟಿಗಳಿರುತ್ತವೆ. ಗಾಳಿ ಒಳಗೆ ಬರುತ್ತದೆ, ಬಿಸಿಲು ಬರುವುದಿಲ್ಲ. ನಮ್ಮ ದೇಶದಲ್ಲಿ ಇದರ ಬಾಗಿಲು ಉತ್ತರಕ್ಕೆ ಇರುತ್ತದೆ, ಬಾಗಿಲು ತೆರೆದು ಓದುವಾಗಲೂ ಬಿಸಿಲು ಒಳಗೆ ಬೀಳಬಾರದು ಎಂದು. 19ನೇ ಶತಮಾನದಲ್ಲಿ ಇದನ್ನು ರೂಪಿಸಿದವರು ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್ಸನ್. ಸಮುದ್ರತೀರದ ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಇಂಜಿನಿಯರ್, ‘ಟ್ರೆಷರ್ ಐಲ್ಯಾಂಡ್’ ಕಾದಂಬರಿ ಬರೆದ ರಾಬರ್ಟ್ ಲೂಯಿ ಸ್ಟೀವನ್ಸನ್ನರ ತಂದೆ. ಈಗಲೂ ಆ ಪೆಟ್ಟಿಗೆಗೆ ಸ್ಟೀವನ್ಸನ್ ಸ್ಕ್ರೀನ್ ಎಂದೇ ಹೆಸರು.

ಭಾರತೀಯ ಹವಾಮಾನ ಇಲಾಖೆ 1875ರಲ್ಲಿ ಆರಂಭವಾಯಿತು. ಅದರ ವೀಕ್ಷಣಾಲಯಗಳಲ್ಲಿ ಬೆಳಿಗ್ಗೆ 8.30ಕ್ಕೆ ರಾತ್ರಿಯ ಕನಿಷ್ಠ ಉಷ್ಣಾಂಶವನ್ನೂ ಸಂಜೆ 5.30ಕ್ಕೆ ಹಗಲಿನ ಗರಿಷ್ಠ ಉಷ್ಣಾಂಶವನ್ನೂ ಬರೆದುಕೊಳ್ಳುತ್ತಾರೆ. ಆಕಾಶವಾಣಿಯ ವಾರ್ತೆಯ ಕೊನೆಯಲ್ಲಿ ನೀವು ಕೇಳುವ ಬೀದರಿನ ಉಷ್ಣಾಂಶ ಹೀಗೆ ಅಳೆದದ್ದು. ಬೆಂಗಳೂರಿನ ಹವಾಮಾನ ಕೇಂದ್ರ ದಿನವೂ ಹೊರಡಿಸುವ ವರದಿಯನ್ನು ಗಮನವಿಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಮಳೆಯ ಪಟ್ಟಿಯಲ್ಲಿ ಭಾಲ್ಕಿ, ಔರಾದ್, ಹುಮನಾಬಾದ್ ಎಲ್ಲವೂ ಬರುತ್ತವೆ. ಉಷ್ಣಾಂಶದ ಪಟ್ಟಿಯಲ್ಲಿ ಇಡೀ ಜಿಲ್ಲೆಯ ಪರವಾಗಿ ನಿಲ್ಲುವುದು ಬೀದರ್. ಮಳೆ ಅಳೆಯುವ ಡಬ್ಬ ತಾಲ್ಲೂಕು ಕಚೇರಿಗಳ ಅಂಗಳಕ್ಕೆ ಬಹಳ ಹಿಂದೆಯೇ ಬಂತು, ಏಕೆಂದರೆ ಕಂದಾಯ, ಬರ, ಬೆಳೆ ಎಲ್ಲವೂ ಮಳೆಯ ಮೇಲೆ ನಿಂತಿದ್ದವು. ಬಿಸಿಲನ್ನು ತಾಲ್ಲೂಕಿಗೊಂದರಂತೆ ಅಳೆಯಬೇಕು ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ಇವತ್ತಿನ ಗೊಂದಲದ ಬೇರು ಅಲ್ಲಿದೆ ಎಂದು ನಾನು ನಂಬಿದ್ದೇನೆ.

ಇನ್ನು ಪಕ್ಕದ ಥರ್ಮಾಮೀಟರುಗಳ ವಿಷಯ. 1956ರವರೆಗೆ ಉದಗೀರ, ನಿಲಂಗಾ, ಜಹೀರಾಬಾದ್ ಎಲ್ಲವೂ ಆಗಿನ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೆ ಸೇರಿದ್ದವು. ರಾಜ್ಯಗಳ ಮರುವಿಂಗಡಣೆಯಲ್ಲಿ ಆ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಔರಾದ್ ಇವತ್ತು ರಾಜ್ಯದ ತುತ್ತತುದಿ. ಅದರ ಪಡುವಣಕ್ಕೂ ಬಡಗಣಕ್ಕೂ ಮಹಾರಾಷ್ಟ್ರ, ಮೂಡಣಕ್ಕೆ ತೆಲಂಗಾಣ. ಗಾಳಿಗೆ ಗಡಿಯಿಲ್ಲ, ಆಪ್‌ಗೂ ಇಲ್ಲ. ಔರಾದಿನ ಬಿಸಿಲನ್ನು ಊಹಿಸಲು ಕೂತ ಕಂಪ್ಯೂಟರ್ ಬೀದರನ್ನು ನೋಡಬಹುದು, ಲಾತೂರ್, ನಾಂದೇಡ್ ಅಥವಾ ನಿಜಾಮಾಬಾದನ್ನೂ ನೋಡಬಹುದು. ಯಾವುದಕ್ಕೆ ಎಷ್ಟು ತೂಕ ಕೊಡಬೇಕೆಂಬುದು ಆಯಾ ಕಂಪನಿಯ ತೀರ್ಮಾನ. ನಿಜಾಮಾಬಾದ್ ನಮಗಿಂತ ತಗ್ಗಿನ ಊರು, ಬೇಸಿಗೆಯಲ್ಲಿ ನಮಗಿಂತ ಹೆಚ್ಚು ಕಾಯುತ್ತದೆ. ಅದರ ತೂಕ ಸ್ವಲ್ಪ ಹೆಚ್ಚಾದರೆ ಔರಾದಿನ ಅಂಕಿಯೂ ಏರುತ್ತದೆ.

ಆದರೆ ಬಹುತೇಕ ಆಪ್‌ಗಳು ಹೀಗೆ ನೆರೆಯೂರಿನ ಅಂಕಿಗಳನ್ನು ಕೂಡಿಸಿ ಭಾಗಿಸುವುದರಲ್ಲೇ ನಿಲ್ಲುವುದಿಲ್ಲ. ಅವುಗಳ ಬೆನ್ನಿಗೆ ಸೂಪರ್‌ಕಂಪ್ಯೂಟರುಗಳು ಹಾಕುವ ಬೃಹತ್ ಲೆಕ್ಕವಿದೆ. ಇಡೀ ಭೂಮಿಯನ್ನು ಚೌಕಚೌಕವಾಗಿ ಕತ್ತರಿಸಿ, ಒಂದೊಂದು ಚೌಕದ ಮೇಲಿನ ಗಾಳಿಯ ಒತ್ತಡ, ತೇವ, ಬಿಸಿ, ವೇಗಗಳನ್ನು ಉಪಗ್ರಹ, ಹಡಗು, ವಿಮಾನ, ಬಲೂನು, ನೆಲದ ಕೇಂದ್ರಗಳಿಂದ ತುಂಬಿ, ಭೌತಶಾಸ್ತ್ರದ ಸಮೀಕರಣಗಳ ಮೂಲಕ ಮುಂದಿನ ಗಂಟೆಗಳನ್ನು ಲೆಕ್ಕ ಹಾಕುತ್ತಾರೆ. ಇಂಥ ಲೆಕ್ಕದ ವ್ಯವಸ್ಥೆಗೆ ಮಾದರಿ ಎನ್ನುತ್ತಾರೆ. ಅಮೆರಿಕ ಸರ್ಕಾರದ ಮಾದರಿಯ ಚೌಕ ಸುಮಾರು 13 ಕಿಲೋಮೀಟರ್ ಅಗಲ. ಯುರೋಪಿನ ದೇಶಗಳು ಸೇರಿ ನಡೆಸುವ ಕೇಂದ್ರದ ಮಾದರಿಯದು ಸುಮಾರು 9 ಕಿಲೋಮೀಟರ್. ನಮ್ಮ ಹವಾಮಾನ ಇಲಾಖೆ ಹಲವು ವರ್ಷ 12 ಕಿಲೋಮೀಟರಿನ ಚೌಕದ ಮಾದರಿಯನ್ನು ಬಳಸಿತು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ, 6 ಕಿಲೋಮೀಟರಿನ ಚೌಕದ ಭಾರತ್ ಮುನ್ಸೂಚನಾ ವ್ಯವಸ್ಥೆ 2025ರ ಮೇ 26ರಂದು ದೇಶಕ್ಕೆ ಅರ್ಪಣೆಯಾಯಿತು. ಇದು ನಮ್ಮಂಥ ಜಿಲ್ಲೆಗಳಿಗೆ ದೊಡ್ಡ ಸಂಗತಿ. ಬೀದರ್ ಜಿಲ್ಲೆಯ ವಿಸ್ತೀರ್ಣ 5,448 ಚದರ ಕಿಲೋಮೀಟರ್. 13 ಕಿಲೋಮೀಟರಿನ ಚೌಕ ಇಟ್ಟರೆ ಇಡೀ ಜಿಲ್ಲೆ ಮೂವತ್ತೆರಡು ಚೌಕಗಳಲ್ಲಿ ಮುಗಿದುಹೋಗುತ್ತದೆ. 6 ಕಿಲೋಮೀಟರ್ ಇಟ್ಟರೆ ನೂರೈವತ್ತು ಚೌಕ ಬೇಕು.

ಒಂದು ಚೌಕಕ್ಕೆ ಒಂದೇ ಉಷ್ಣಾಂಶ, ಒಂದೇ ಎತ್ತರ. ಮಾದರಿಗೆ ಅದಕ್ಕಿಂತ ಸೂಕ್ಷ್ಮವಾಗಿ ನೋಡಲು ಬರುವುದಿಲ್ಲ. ಹಾಗಿದ್ದರೆ ನಮ್ಮ ನೆಲ ಹೇಗಿದೆ?

ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದಲ್ಲಿ. ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ ಬಹಮನಿ ದೊರೆ ಅಹಮದ್ ಶಾ ಈ ಎತ್ತರವನ್ನೂ ಇಲ್ಲಿಯ ಹವೆಯನ್ನೂ ಮೆಚ್ಚಿದ್ದನೆಂದು ಹೇಳುತ್ತಾರೆ. ಕೋಟೆಯ ಬುರುಜಿನ ಮೇಲೆ ನಿಂತು ಉತ್ತರಕ್ಕೆ ನೋಡಿದರೆ ನೆಲ ಥಟ್ಟನೆ ಇಳಿದುಹೋಗಿ ಮಾಂಜ್ರಾ ನದಿಯ ಬಯಲು ಹರಡಿಕೊಳ್ಳುತ್ತದೆ. ಮೇಲೆ ಕೆಂಪು ನೆಲ, ಕೆಳಗೆ ಕರಿ ಎರೆಭೂಮಿ. ಔರಾದಿಗೆ ಹೋಗುವ ಬಸ್ಸು ಜನವಾಡ ದಾಟಿ, ಮಾಂಜ್ರಾ ಸೇತುವೆ ದಾಟಿ, ಸಂತಪೂರದ ಮೇಲೆ ಹಾಯ್ದು ಹೋಗುತ್ತದೆ. ಭಾಲ್ಕಿಗೆ ಹೋಗುವ ರೈಲು ಪ್ರಸ್ಥಭೂಮಿಯನ್ನು ಇಳಿದು ಹಲಬರ್ಗಾ ದಾಟುತ್ತದೆ. ಭಾಲ್ಕಿಯ ದಕ್ಷಿಣಕ್ಕೆ ಕಾರಂಜಾ ಜಲಾಶಯದ ನೀರು ನಿಂತಿದೆ. ನೂರು ಮೀಟರ್ ಇಳಿದರೆ ಗಾಳಿ ಸಾಮಾನ್ಯವಾಗಿ ಅರ್ಧ ಡಿಗ್ರಿಗಿಂತ ಕೊಂಚ ಹೆಚ್ಚು ಬಿಸಿಯಾಗುತ್ತದೆ, ಲೆಕ್ಕಕ್ಕೆ ಕಿಲೋಮೀಟರಿಗೆ 6.5 ಡಿಗ್ರಿ. ಈಗ 13 ಕಿಲೋಮೀಟರಿನ ಚೌಕವೊಂದು ಬೀದರ್ ನಗರದ ಮೇಲೆ ಬಿತ್ತೆನ್ನಿ. ಹಳೆಯ ಊರಿನ ಕಲ್ಲು ಗೋಡೆ, ವಾಯುಪಡೆಯ ನಿಲ್ದಾಣದ ಡಾಂಬರು, ನೌಬಾದಿನ ಹೊಸ ಬಡಾವಣೆ, ಅಂಚಿನ ಕುರುಚಲು ಕಾಡು, ಕೆಳಗಿನ ತೊಗರಿ ಹೊಲ, ಎಲ್ಲ ಒಂದೇ ಚೌಕದಲ್ಲಿ ಕಲಸಿಹೋಗುತ್ತವೆ. ಬಂದ ಅಂಕಿ ಇವುಗಳ ಸರಾಸರಿ, ಇವುಗಳಲ್ಲಿ ಯಾವ ಒಂದು ಜಾಗದ್ದೂ ಅಲ್ಲ. ಇನ್ನೊಂದು ಮಾದರಿಯ ಚೌಕದ ಗೆರೆ ಬೇರೆ ಕಡೆ ಬಿದ್ದಿರುತ್ತದೆ. ಅದರ ಪಾಲಿಗೆ ಹೊಲ ಹೆಚ್ಚು, ಊರು ಕಡಿಮೆ ಬಂದಿರಬಹುದು. ಕಾರಂಜಾದ ನೀರು ಹೆಚ್ಚು ಪಾಲು ಬಂದ ಚೌಕ ಬೇಸಿಗೆಯ ಮಧ್ಯಾಹ್ನ ತಂಪಾಗಿ ಕಾಣುತ್ತದೆ. ನೀರಿಲ್ಲದ ಪಕ್ಕದ ಚೌಕ ಸುಡುತ್ತದೆ.

ಹೊಲದ ಮಣ್ಣಿನ ತೇವವೂ ಲೆಕ್ಕಕ್ಕೆ ಬರುತ್ತದೆ. ಹಸಿ ನೆಲದ ಮೇಲೆ ಬಿದ್ದ ಬಿಸಿಲಿನ ಒಂದು ಭಾಗ ನೀರನ್ನು ಆವಿ ಮಾಡುವುದರಲ್ಲಿ ಖರ್ಚಾಗುತ್ತದೆ. ಬಿರುಕುಬಿಟ್ಟ ಒಣ ಎರೆಯ ಮೇಲೆ ಬಿದ್ದದ್ದು ಬಹುಮಟ್ಟಿಗೆ ನೆಲವನ್ನೂ ಗಾಳಿಯನ್ನೂ ಕಾಯಿಸುತ್ತದೆ. ಕಬ್ಬಿಗೆ ನೀರು ಬಿಟ್ಟ ಭಾಲ್ಕಿಯ ಹೊಲವೂ ಕಡಲೆ ಕಿತ್ತು ಬರಿದಾದ ಔರಾದಿನ ಹೊಲವೂ ಏಪ್ರಿಲ್‌ನಲ್ಲಿ ಒಂದೇ ಥರ ಕಾಯುವುದಿಲ್ಲ. ಅಮೆರಿಕದ ಮಾದರಿಯೊಳಗಿನ ಕಾಲ್ಪನಿಕ ಮಣ್ಣಿನಲ್ಲಿ ಎಷ್ಟು ತೇವವಿದೆ, ಯುರೋಪಿನದರಲ್ಲಿ ಎಷ್ಟಿದೆ ಎಂಬ ವ್ಯತ್ಯಾಸವೊಂದೇ ಮಧ್ಯಾಹ್ನದ ಅಂಕಿಯಲ್ಲಿ ಎರಡು ಡಿಗ್ರಿ ಅಂತರ ತರಬಲ್ಲದು.

ಚಳಿಗಾಲದ ರಾತ್ರಿ ಈ ಲೆಕ್ಕ ತಲೆಕೆಳಗಾಗುತ್ತದೆ, ನನಗೆ ಎಲ್ಲಕ್ಕಿಂತ ಬೆರಗು ತರುವ ಭಾಗವೂ ಇದೇ. ಡಿಸೆಂಬರ್, ಜನವರಿಯ ಶುಭ್ರ ರಾತ್ರಿ, ಮೋಡವಿಲ್ಲ, ಗಾಳಿಯಿಲ್ಲ. ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗುತ್ತದೆ. ಭಾರವಾದ ಗಾಳಿ ಇಳಿಜಾರಿನಲ್ಲಿ ನೀರು ಹರಿದಂತೆ ತಗ್ಗಿಗೆ ಇಳಿದು ಮಾಂಜ್ರಾದ ಬಯಲಿನಲ್ಲಿ ನಿಲ್ಲುತ್ತದೆ. ಹಗಲು ಹೆಚ್ಚು ಬಿಸಿಯಿದ್ದ ಕೆಳಗಿನ ಹೊಲ ಬೆಳಗಿನ ಜಾವಕ್ಕೆ ಕೋಟೆಯ ದಿಬ್ಬಕ್ಕಿಂತ ತಣ್ಣಗಿರಬಹುದು. ಎತ್ತರ ಹೆಚ್ಚಾದಂತೆ ತಂಪು ಎಂಬ ನಿಯಮವನ್ನಷ್ಟೇ ಹಿಡಿದು ಬೀದರಿನ ಅಂಕಿಗೆ ಒಂದು ಡಿಗ್ರಿ ಕೂಡಿಸಿ ನದಿ ಬಯಲಿನ ಊರಿಗೆ ಹಚ್ಚಿದ ಆಪ್ ಆ ರಾತ್ರಿ ಪೂರಾ ಉಲ್ಟಾ ಹೇಳುತ್ತದೆ. ಇನ್ನೂ ಒಂದು ಮಾತಿದೆ. ಅಂಥ ರಾತ್ರಿ ಪೆಟ್ಟಿಗೆಯೊಳಗಿನ ನಾಲ್ಕಡಿ ಎತ್ತರದ ಗಾಳಿಗಿಂತ ನೆಲಕ್ಕೆ ತಾಗಿದ ಗಾಳಿ ಕೆಲವು ಡಿಗ್ರಿ ಹೆಚ್ಚು ತಣ್ಣಗಿರುತ್ತದೆ. ಆಪ್ 9 ಡಿಗ್ರಿ ಎಂದಾಗ ಹೊಲದ ಗುಡಿಸಲಲ್ಲಿ ನೆಲದ ಮೇಲೆ ಮಲಗಿದವರಿಗೆ ಅದಕ್ಕಿಂತ ಹೆಚ್ಚು ಚಳಿ ಅನ್ನಿಸಿದ್ದರೆ ಅವರ ಮೈ ಸರಿಯಾಗಿಯೇ ಅಳೆದಿದೆ.

ಬೇಸಿಗೆಯ ಕೊನೆಗೆ ಅಡ್ಡಮಳೆಗಳು ಬರುತ್ತವೆ, ಕೆಲವು ಸಲ ಆಲಿಕಲ್ಲಿನ ಜತೆ. ಮಧ್ಯಾಹ್ನ ಮೂರಕ್ಕೆ ಠಾಣಾ ಕುಶನೂರಿನ ಮೇಲೆ ಮೋಡ ಒಡೆದು ಅರ್ಧ ಗಂಟೆ ಸುರಿದರೆ ಅಲ್ಲಿಯ ಗಾಳಿ ಹತ್ತು ಡಿಗ್ರಿ ಕುಸಿಯಬಹುದು. ಹತ್ತು ಹದಿನೈದು ಕಿಲೋಮೀಟರ್ ಆಚೆ ಒಂದು ಹನಿಯೂ ಬಿದ್ದಿರುವುದಿಲ್ಲ. ಬೆಳಿಗ್ಗೆ ಹಾಕಿದ ಲೆಕ್ಕದಲ್ಲಿ ಆ ಒಂದು ಮೋಡ ಇರಲು ಸಾಧ್ಯವೇ ಇಲ್ಲ. ದೊಡ್ಡ ಮಾದರಿಗಳು ದಿನಕ್ಕೆ ನಾಲ್ಕು ಸಲ ಹೊಸದಾಗಿ ಲೆಕ್ಕ ಶುರುಮಾಡುತ್ತವೆ. ನಿಮ್ಮ ಆಪ್ ಬೆಳಗಿನ ಲೆಕ್ಕವನ್ನು ತೋರಿಸುತ್ತಿದೆಯೋ ಮಧ್ಯಾಹ್ನದ್ದನ್ನೋ ಎಂಬುದರ ಮೇಲೂ ಅಂಕಿ ಬದಲಾಗುತ್ತದೆ. ಎಷ್ಟೋ ಆಪ್‌ಗಳಲ್ಲಿ ‘ಈಗಿನ ಉಷ್ಣಾಂಶ’ ಎಂದು ಬರೆದಿರುವುದು ಈ ಗಳಿಗೆಯ ಅಳತೆಯಲ್ಲ, ಕೆಲವು ಗಂಟೆಗಳ ಹಿಂದೆ ಈ ಗಳಿಗೆಗೆಂದು ಹಾಕಿಟ್ಟ ಮುನ್ಸೂಚನೆ.

ಕಂಪನಿಗಳೂ ಬೇರೆ ಬೇರೆ. ಒಂದೊಂದು ಫೋನಿನ ಜತೆ ಬರುವ ಹವಾಮಾನ ಸೇವೆ ಒಂದೊಂದು ಸಂಸ್ಥೆಯದು. ಕೆಲವು ಫೋನುಗಳಿಗೆ ವೆದರ್ ಚಾನೆಲ್, ಕೆಲವರು ಇಳಿಸಿಕೊಂಡದ್ದು ಆಕ್ಯುವೆದರ್. ಆಪಲ್ 2020ರಲ್ಲಿ ಡಾರ್ಕ್ ಸ್ಕೈ ಎಂಬ ಹವಾಮಾನ ಆಪ್‌ನ ಕಂಪನಿಯನ್ನು ಕೊಂಡುಕೊಂಡಿತು, 2023ರ ಜನವರಿ 1ರಿಂದ ಆ ಆಪ್ ಮುಚ್ಚಿ ತನ್ನದೇ ಸೇವೆ ನಡೆಸುತ್ತಿದೆ. ಇವರೆಲ್ಲ ಸರ್ಕಾರಿ ಮಾದರಿಗಳ ಫಲಿತಾಂಶಗಳನ್ನು ತೆಗೆದುಕೊಂಡು ತಮ್ಮ ತಮ್ಮ ರೀತಿಯಲ್ಲಿ ಬೆರೆಸಿ ತಿದ್ದುತ್ತಾರೆ. ತಿದ್ದುವುದು ಹೇಗೆಂದರೆ, ಒಂದು ಊರಿನ ಹಳೆಯ ಅಳತೆಗಳನ್ನೂ ಅದೇ ದಿನಗಳ ಹಳೆಯ ಮುನ್ಸೂಚನೆಗಳನ್ನೂ ಪಕ್ಕಪಕ್ಕ ಇಟ್ಟು, ಮಾದರಿ ಅಲ್ಲಿ ಯಾವಾಗಲೂ ಎಷ್ಟು ಹೆಚ್ಚು ಅಥವಾ ಕಡಿಮೆ ಹೇಳುತ್ತದೆಂದು ಕಲಿತು, ಅಷ್ಟನ್ನು ಕಳೆಯುವುದು. ಹೈದರಾಬಾದಿನಂಥ ಊರಿಗೆ ಈ ಪಾಠ ಚೆನ್ನಾಗಿ ನಡೆಯುತ್ತದೆ, ಅಲ್ಲಿ ಅಳತೆಗಳು ಬೇಕಾದಷ್ಟಿವೆ. ಆದ್ದರಿಂದ ಹೈದರಾಬಾದಿನಲ್ಲಿ ಆಪ್‌ಗಳ ನಡುವಿನ ಅಂತರ ಕಿರಿದಾಗಬೇಕು. ಔರಾದಿನಲ್ಲಿ ಕಂಪನಿಗಳಿಗೆ ಸಿಗುವ ಹಳೆಯ ಅಳತೆಯೇ ಇಲ್ಲದಿದ್ದರೆ ತಪ್ಪನ್ನು ಯಾವುದರ ಪಕ್ಕ ಇಟ್ಟು ಹಿಡಿಯುವುದು? ಸಣ್ಣ ಊರಿನವರ ಫೋನುಗಳು ಹೆಚ್ಚು ಜಗಳವಾಡುವುದು ಇದರಿಂದಲೇ.

ಸಣ್ಣಪುಟ್ಟ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಹೆಸರಿನ ತೊಡಕು ಒಂದು. ನಮ್ಮ ಔರಾದಿಗೆ ಕಾಗದಪತ್ರಗಳಲ್ಲಿ ‘ಔರಾದ್ ಬಿ’ ಎಂದು ಬರೆಯುತ್ತಾರೆ, ಅತ್ತ ಲಾತೂರ್ ಜಿಲ್ಲೆಯ ನಿಲಂಗಾ ತಾಲ್ಲೂಕಿನಲ್ಲಿ ಔರಾದ್ ಶಹಾಜಾನಿ ಇದೆ. ಆಪ್‌ನಲ್ಲಿ ಊರಿನ ಹೆಸರು ಟೈಪ್ ಮಾಡಿ ಮೊದಲು ಬಂದದ್ದನ್ನು ಒತ್ತಿದವರು ಆ ಔರಾದಿನ ಬಿಸಿಲನ್ನು ನೋಡುತ್ತಿರಬಹುದು. ಅಂಕಿಯನ್ನು ಪೂರ್ಣಗೊಳಿಸುವ ಕ್ರಮ ಇನ್ನೊಂದು. 31.4 ಡಿಗ್ರಿ ಸೆಲ್ಸಿಯಸ್ ನೇರವಾಗಿ ಪೂರ್ಣವಾದರೆ 31. ಅದೇ ಅಂಕಿ ಅಮೆರಿಕದ ಕಂಪ್ಯೂಟರಿನಲ್ಲಿ ಫ್ಯಾರನ್‌ಹೀಟ್ ಆಗಿ 88.5 ದಾಟಿ 89 ಎಂದು ಪೂರ್ಣಗೊಂಡು, ಮತ್ತೆ ಸೆಲ್ಸಿಯಸ್‌ಗೆ ತಿರುಗಿದರೆ 32. ಬಿಸಿಲು ಬದಲಾಗದೆ ಒಂದು ಡಿಗ್ರಿ ಹುಟ್ಟಿಕೊಂಡಿತು. ಇನ್ನು ಮೈಗೆ ತಾಗುವ ಬಿಸಿ ಎಂಬ ಅಂಕಿ. ಅದು ಗಾಳಿಯ ಬಿಸಿಗೆ ತೇವವನ್ನೂ ಬೀಸುವ ವೇಗವನ್ನೂ ಸೇರಿಸಿದ ಲೆಕ್ಕ, ಒಂದೊಂದು ಕಂಪನಿಗೆ ಒಂದೊಂದು ಸೂತ್ರ. ನಮ್ಮ ಏಪ್ರಿಲ್ ಒಣ ಬೇಸಿಗೆಯಾದ್ದರಿಂದ ಬೆವರು ಬೇಗ ಆರಿ ಆ ಅಂಕಿ ನಿಜವಾದ ಉಷ್ಣಾಂಶಕ್ಕಿಂತ ಕಡಿಮೆ ಬರುತ್ತದೆ. ಅದನ್ನು ನೆಚ್ಚಿ ಬಿಸಿಲಿಗೆ ಇಳಿಯಬೇಡಿ. ಬೆವರು ಆರುತ್ತಿದೆ ಎಂದರೆ ಮೈಯ ನೀರು ಹೋಗುತ್ತಿದೆ ಎಂದೇ ಅರ್ಥ, ಮತ್ತು ಆ ಸೂತ್ರಗಳಲ್ಲಿ ಹೆಚ್ಚಿನವು ನೆರಳಿನಲ್ಲಿ ನಿಂತವರಿಗಾಗಿ ಮಾಡಿದವು.

ಹಾಗಾದರೆ ಥರ್ಮಾಮೀಟರ್ ಹೇಳಿದ್ದೆಲ್ಲ ಸತ್ಯವೇ? ಅದೂ ಅಲ್ಲ. 2024ರ ಮೇ 29ರಂದು ದೆಹಲಿಯ ಮುಂಗೇಶಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ರಾಜಸ್ಥಾನದ ಫಲೋದಿಯಲ್ಲಿ 2016ರ ಮೇ 19ರಂದು ದಾಖಲಾದ 51 ಡಿಗ್ರಿಯನ್ನು, ಅಂದರೆ ದೇಶದ ದಾಖಲೆಯನ್ನು, ಅದು ಮುರಿದಂತಾಗಿತ್ತು. ಸುದ್ದಿ ಜಗತ್ತೆಲ್ಲ ಹರಡಿತು. ದೆಹಲಿಯ ಬೇರೆ ಕೇಂದ್ರಗಳು ಅದೇ ದಿನ ಅದಕ್ಕಿಂತ ಹಲವು ಡಿಗ್ರಿ ಕಡಿಮೆ ತೋರಿಸಿದ್ದವು. ಹವಾಮಾನ ಇಲಾಖೆ ಪರಿಶೀಲಿಸಿ, ಮುಂಗೇಶಪುರದ ಸಂವೇದಕ ಮೂರು ಡಿಗ್ರಿ ಹೆಚ್ಚು ಹೇಳುತ್ತಿದೆ ಎಂದು ಪ್ರಕಟಿಸಿತು. ಅದೇ ವಾರ ನಾಗಪುರದ ಒಂದು ಸ್ವಯಂಚಾಲಿತ ಕೇಂದ್ರ 56 ಡಿಗ್ರಿ ತೋರಿಸಿತ್ತು, ಅದೂ ಸರಿಯಿರಲಿಲ್ಲ. ಈ ತಪ್ಪುಗಳು ಸಿಕ್ಕಿಬಿದ್ದದ್ದು ಪಕ್ಕದಲ್ಲಿ ಬೇರೆ ಥರ್ಮಾಮೀಟರುಗಳು ಇದ್ದುದರಿಂದ. ಒಂದೇ ಒಂದು ಇದ್ದಿದ್ದರೆ ಅದರ ಮಾತೇ ಇತಿಹಾಸವಾಗುತ್ತಿತ್ತು. ಅಳತೆ ಬೇಕು, ಅಳತೆಯನ್ನು ಅಳೆಯುವ ಇನ್ನೊಂದು ಅಳತೆಯೂ ಬೇಕು.

ಈ ದೃಷ್ಟಿಯಿಂದ ಕರ್ನಾಟಕ ಮಾಡಿದ ಒಂದು ಕೆಲಸವನ್ನು ಹೆಮ್ಮೆಯಿಂದ ನೆನೆಯಬೇಕು. 1988ರಲ್ಲಿ ಬರದ ಮೇಲೆ ನಿಗಾ ಇಡಲು ರಾಜ್ಯ ಸರ್ಕಾರ ಒಂದು ಘಟಕವನ್ನು ಆರಂಭಿಸಿತು. ಅದೇ ಬೆಳೆದು ಇಂದಿನ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಎಂಬ ಗುರಿಯಿಟ್ಟು ರಾಜ್ಯದುದ್ದಕ್ಕೂ ಅದು ಉಪಕರಣಗಳನ್ನು ನಿಲ್ಲಿಸಿತು. ಹೋಬಳಿಯ ಕೇಂದ್ರ ಉಷ್ಣಾಂಶ, ತೇವ, ಗಾಳಿಯ ವೇಗ ಮತ್ತು ದಿಕ್ಕನ್ನು ಹದಿನೈದು ನಿಮಿಷಕ್ಕೊಮ್ಮೆ ಕಳಿಸುವಂತೆ ರೂಪಿಸಿದ್ದಾರೆ, ಅದು ಸೂರ್ಯನ ಬೆಳಕಿನಿಂದಲೇ ನಡೆಯುತ್ತದೆ. ಸಂತಪೂರ, ಚಿಂತಾಕಿ, ದಾಬಕಾ, ಹಲಬರ್ಗಾ, ಖಟಕ ಚಿಂಚೋಳಿ, ಲಖನಗಾಂವ್, ಇವು ಯಾವ ವಿದೇಶಿ ಆಪ್‌ಗೂ ದೊಡ್ಡ ಹೆಸರುಗಳಲ್ಲ. ಈ ವ್ಯವಸ್ಥೆಯಲ್ಲಿ ಅವಕ್ಕೆ ತಮ್ಮದೇ ಅಂಕಿ ಸಿಕ್ಕಿತು. ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿದರೆ ಮಳೆ, ಗಾಳಿಯ ಮಾಹಿತಿಯನ್ನು ಕನ್ನಡದಲ್ಲೇ ಹೇಳುತ್ತಾರೆ. ಕೇಂದ್ರ ಸರ್ಕಾರದ್ದೂ ಎರಡು ಆಪ್‌ಗಳಿವೆ, 2020ರ ಜುಲೈನಲ್ಲಿ ಬಂದ ಮೌಸಮ್ ಮತ್ತು ರೈತರಿಗಾಗಿ ಇರುವ ಮೇಘದೂತ. ಮೇಘದೂತವನ್ನು ರೂಪಿಸುವಲ್ಲಿ ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲೇ ಸಿಗುವ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯೂ ಸೇರಿತ್ತು. ಈ ಆಪ್‌ನಲ್ಲಿ ಮಂಗಳವಾರ, ಶುಕ್ರವಾರಗಳಂದು ಜಿಲ್ಲೆಯ ಬೆಳೆಗಳಿಗೆ ತಕ್ಕ ಸಲಹೆ ಬರುತ್ತದೆ.

ಎರಡು ಮೂರು ಡಿಗ್ರಿಗೆ ಇಷ್ಟು ಮಾತು ಬೇಕೇ ಎಂದು ಕೆಲವರಿಗೆ ಅನ್ನಿಸಬಹುದು. ಬೇಕು ಎಂದೇ ನಾನು ಹೇಳುತ್ತೇನೆ. ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ ಕನಿಷ್ಠ 40 ಮುಟ್ಟಿ, ಆ ದಿನದ ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಾದಾಗ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎಂದು ಪರಿಗಣಿಸುತ್ತದೆ. ವಾಡಿಕೆಗಿಂತ 6.5ರಷ್ಟು ಹೆಚ್ಚಾದರೆ ತೀವ್ರ ಬಿಸಿಗಾಳಿ. ಅದೂ ಉತ್ತರ ಒಳನಾಡಿನಂಥ ಒಂದು ಹವಾಮಾನ ವಿಭಾಗದಲ್ಲಿ ಎರಡು ಕೇಂದ್ರಗಳಾದರೂ ಎರಡು ದಿನ ಹಾಗೆ ತೋರಿಸಬೇಕು. 39ಕ್ಕೂ 41ಕ್ಕೂ ನಡುವೆ ಆ ಗೆರೆ ಇದೆ. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಉದ್ಯೋಗ ಖಾತರಿಯ ಕೂಲಿಯವರಿಗೆ ಈ ಭಾಗದಲ್ಲಿ ಬೇಸಿಗೆಯ ಕೆಲಸದ ಪ್ರಮಾಣದಲ್ಲಿ ರಿಯಾಯಿತಿ ಕೊಡುತ್ತ ಬಂದಿದ್ದಾರೆ. ಈ ನಿರ್ಧಾರಗಳ ಹಿಂದೆ ಇರುವುದು ಥರ್ಮಾಮೀಟರಿನ ದಾಖಲೆ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಂತೂ ತೋಟದ ಬೆಳೆಗೆ ಪರಿಹಾರ ಬರುವುದೂ ಬಾರದಿರುವುದೂ ನಿಗದಿಪಡಿಸಿದ ಕೇಂದ್ರದ ಅಂಕಿಯಿಂದ. ನಿಮ್ಮ ಫೋನಿನಲ್ಲಿ ಏನು ಕಂಡಿತೆಂಬುದು ಅಲ್ಲಿ ನಡೆಯುವುದಿಲ್ಲ. ಆ ಉಪಕರಣ ಕೆಟ್ಟು ನಿಂತರೆ, ಅದರ ಮೇಲೆ ಬೇವಿನ ಟೊಂಗೆ ಬಾಗಿದರೆ, ಸೌರಫಲಕದ ಮೇಲೆ ಧೂಳು ಕೂತರೆ, ಬೇಲಿ ಮುರಿದು ಒಳಗೆ ದನ ಕಟ್ಟಿದರೆ, ನಷ್ಟವಾಗುವುದು ಆ ಹೋಬಳಿಯ ರೈತರಿಗೆ. ಅದನ್ನು ಸರ್ಕಾರದ ಕಂಬ ಎಂದು ನೋಡದೆ ನಮ್ಮ ಬೆಳೆಯ ಸಾಕ್ಷಿ ಎಂದು ನೋಡಿ. ಕೆಟ್ಟದ್ದು ಕಂಡರೆ ಪಂಚಾಯಿತಿಯಲ್ಲಿ ಬರೆದುಕೊಡಿ, ರೈತ ಸಂಪರ್ಕ ಕೇಂದ್ರದಲ್ಲಿ ತಿಳಿಸಿ, ಸರಿಯಾಗುವವರೆಗೂ ಕೇಳುತ್ತಿರಿ.

ಶಾಲೆಗಳ ಗುರುಗಳಿಗೆ ಒಂದು ಕೋರಿಕೆ. ಗರಿಷ್ಠ ಮತ್ತು ಕನಿಷ್ಠ ಎರಡನ್ನೂ ಹಿಡಿದಿಡುವ ಥರ್ಮಾಮೀಟರ್ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ. ಊರಿನ ಬಡಿಗರಿಂದ ಓರೆ ಪಟ್ಟಿಗಳ ಪೆಟ್ಟಿಗೆ ಮಾಡಿಸಿ, ಬಿಳಿ ಬಣ್ಣ ಹಚ್ಚಿಸಿ, ಆಟದ ಮೈದಾನದ ಹುಲ್ಲಿನ ಕಡೆ ನಾಲ್ಕಡಿ ಎತ್ತರಕ್ಕೆ ನಿಲ್ಲಿಸಿ. ಬಾಗಿಲು ಉತ್ತರಕ್ಕಿರಲಿ. ಪತ್ರಾಸಿನ ಸೂರಿನ ಕೆಳಗೆ, ಸಿಮೆಂಟ್ ಕಟ್ಟೆಯ ಮೇಲೆ ಬೇಡ. ಮಕ್ಕಳು ದಿನವೂ ಬೆಳಿಗ್ಗೆ ಕನಿಷ್ಠವನ್ನು, ಸಂಜೆ ಗರಿಷ್ಠವನ್ನು ಬರೆಯಲಿ. ಪಕ್ಕದ ಕಾಲಂನಲ್ಲಿ ಹೋಬಳಿ ಕೇಂದ್ರದ ಅಂಕಿ, ಅದರ ಪಕ್ಕ ಮನೆಯ ಫೋನಿನ ಎರಡು ಆಪ್‌ಗಳ ಅಂಕಿ. ರಜೆಯ ದಿನಗಳಲ್ಲಿ ಹತ್ತಿರದ ಮನೆಯ ಹುಡುಗ ಹುಡುಗಿಯರು ಈ ಕೆಲಸ ನೋಡಿಕೊಳ್ಳಲಿ, ಏಕೆಂದರೆ ಏಪ್ರಿಲ್, ಮೇ ತಪ್ಪಿದರೆ ಮುಖ್ಯವಾದದ್ದೇ ತಪ್ಪಿದಂತೆ. ಒಂದು ಬೇಸಿಗೆ, ಒಂದು ಚಳಿಗಾಲ ಹೀಗೆ ಬರೆದರೆ, ಯಾವ ಆಪ್ ಸಂತಪೂರದಲ್ಲಿ ಮಧ್ಯಾಹ್ನ ಎಷ್ಟು ಕಡಿಮೆ ಹೇಳುತ್ತದೆ, ನದಿ ಬಯಲಿನ ಊರಲ್ಲಿ ಬೆಳಗಿನ ಜಾವ ಎಷ್ಟು ಹೆಚ್ಚು ಹೇಳುತ್ತದೆ ಎಂಬುದು ಆ ಮಕ್ಕಳ ನೋಟ್‌ಬುಕ್ಕಿನಲ್ಲೇ ಕಾಣುತ್ತದೆ. ಕಂಪನಿಯವರು ಹೈದರಾಬಾದಿಗೆ ಮಾಡುವ ತಿದ್ದುಪಡಿಯನ್ನು ಸಂತಪೂರಕ್ಕೆ ಎಂಟನೇ ತರಗತಿಯವರು ಮಾಡಿದಂತಾಯಿತು. ಆಪ್ ಎರಡು ಡಿಗ್ರಿ ಕಡಿಮೆ ಹೇಳುವುದೆಂದು ತಿಳಿದ ಊರಿನಲ್ಲಿ, ಅದು 39 ತೋರಿಸಿದ ದಿನ 41 ಎಂದೇ ಹಿಡಿದು, ಕಳೆ ತೆಗೆಯಲು ಬಂದ ಅವ್ವಂದಿರನ್ನು ಹನ್ನೊಂದಕ್ಕೇ ನೆರಳಿಗೆ ಕರೆಯಬಹುದು.